ಲೋಕ್ಯಾ ಹೇಗೆ ಸತ್ತ

ಶಹಾಬಾದ ಕಡೆಯ, ನೆಲಕ್ಕೆ ಹಾಸುವ ಪರ್ಸಿಕಲ್ಲಿನ ಖಣಿಯಲ್ಲಿ ದಂಡೆ ಕುಸಿದು ಲಂಬಾಣಿ ಲೋಕ್ಯಾ ಸತ್ತ. ಮುಂಜಾನೆಯೇ ಅವನು ದಂಡೆಯ ಬಿರುಕು ತೋರಿಸಿ ಇಳಿಯಲಾರೆ ಅಂದಿದ್ದ.

"ಇಳೀಲೇ ಹೇಡಿ! ನಿನ್ನ ಬದ್ಲಿ ನಿನ್ನ ಹೇಣ್ತಿನ್ನ ಇಳಸ್ಲೇನು?" ಎಂದು ಕೂಲಿಯವರ ಮೇಲಿನ ಮುಕಾದಮ ನಾಮದೇವ ಬೈದು ಇಳಿಸಿದ್ದ. ಆ ಹೆಂಡತಿ ಅನಸುಬಾಯಿ ಅಲ್ಲೇ ಬುಟ್ಟಿ ಹೊರುತ್ತಿದ್ದಳು. ಕಿವಿಯಾರೆ ಕೇಳಿದ್ದಳು.

ವಿಚಾರಣೆಗೆ ಮೈಸೂರು ಕಡೆಯ ಸಾಹೇಬರು ಖಣಿಯ ಕಚೇರಿಗೆ ಬಂದು ಕೂತರು.

"ಏನಾಯ್ತು ಹೇಳಮ್ಮ. ಕನ್ನಡದಲ್ಲೇ ಹೇಳಬೇಕು, ಈಗ ಸರ್ಕಾರದ ಭಾಷೆ ಅದು."

ಅನಸುಬಾಯಿಗೆ ಕನ್ನಡ ಬರುತ್ತಿತ್ತು, ಕಟ್ಟಿಗೆ ಮಾರುವಷ್ಟು. ಗಂಡನ ಸಾವು ಹೇಳುವಷ್ಟು ಬರುತ್ತಿರಲಿಲ್ಲ. ತಾಂಡಾದಲ್ಲಿ ಸಾವನ್ನು ಹೆಂಗಸರು ಅತ್ತು ಹಾಡಿಯೇ ಹೇಳುವುದು. ಹೋದವನು ಹೇಗೆ ಹೋದ, ಯಾರು ಕಾರಣ, ಎಲ್ಲ ಆ ಅಳುವಿನಲ್ಲೇ ಬರಬೇಕು. ಅವಳು ಮುಖದ ಮೇಲೆ ಸೆರಗೆಳೆದು ತನ್ನ ಲಂಬಾಣಿ ಮಾತಿನಲ್ಲೇ ರಾಗ ತೆಗೆದಳು. ಬಿರುಕು ಹೇಳಿದಳು, ಬೈಗುಳ ಹೇಳಿದಳು. ಬೈದವನು ಎದುರಿಗೇ ನಿಂತಿದ್ದ. ಅವನ ಹೆಸರೊಂದನ್ನು ಅಂಜಿ ನುಂಗಿಕೊಂಡಳು.

"ಏನಂತಾಳೆ?" ಸಾಹೇಬರು ಕೇಳಿದ್ದು ನಾಮದೇವನನ್ನೇ.

"ಸುಮ್ನ ಅಳ್ಲಿಕತ್ತಾಳ್ರಿ. ಗಂಡ ಕುಡುದಿದ್ದ, ಕಾಲು ಜಾರಿ ಬಿದ್ದ ಅಂತಾಳ್ರಿ."

ಬಾಗಿಲಲ್ಲಿದ್ದ ಕಲ್ಲೊಡೆಯುವ ಫಕೀರಸಾಬನಿಗೆ ತಡೆಯಲಾಗಲಿಲ್ಲ. ಅವನು ಲಂಬಾಣಿಗರ ಜೊತೆಯೇ ದುಡಿದು ಮುದುಕನಾದವನು.

"ಸುಳ್ಳದ ಸಾಹೇಬ್ರ! ಇಳಿಯಂಗಿಲ್ಲ ಅಂದಾಂವನ್ನ ಬೈದು ಇಳಿಸ್ಯಾರ ಅಂತಾಳ. ಅಕಿ ಮಾತು ನನಗ ಬರ್ತದ."

"ನಿಮ್ಮ ಉರ್ದು ಕಾಲ ಮುಗೀತಯ್ಯ. ಆಚೆ ನಡಿ."

"ನಿಜಾಮನ ಕಚೇರ್ಯಾಗೂ ಅಕಿ ಮಾತು ಯಾರೂ ಕೇಳ್ಲಿಲ್ರಿ. ನೀವರ ಕೇಳ್ರಿ."

"ಅಕ್ಷರವೇ ಇಲ್ಲದ ಭಾಷೇಲಿ ಎಂಥ ಸಾಕ್ಷಿ?"

ನಾಮದೇವ ಹೇಳಿದಂತೆಯೇ ಹೇಳಿಕೆ ಬರೆದಾಯಿತು. ಅವನೇ ಅವಳ ಹೆಬ್ಬೆಟ್ಟು ಹಿಡಿದು ಮಸಿಗೆ ಒತ್ತಲು ಹೋದ. ಅನಸುಬಾಯಿ ಕೈ ಕಿತ್ತುಕೊಂಡಳು. ಕಟ್ಟಿಗೆ ಮಾರುವ ಕನ್ನಡದಲ್ಲಿ, ಕೇಳಿದ ಬೆಲೆಗೆ ಕೊಡುವುದಿಲ್ಲ ಎನ್ನಲು ಒಂದು ಮಾತಿತ್ತು.

"ಒಲ್ಲೆ."

ಹೊರಗೆ ಬೇವಿನ ಗಿಡದ ಕೆಳಗೆ ತಾಂಡಾದ ಹೆಂಗಸರು ಕೂತಿದ್ದರು. ಅವಳು ಹೋಗಿ ಒಬ್ಬಳ ಕೊರಳಿಗೆ ಬಿದ್ದು ಮೊದಲಿನಿಂದ ಶುರುಮಾಡಿದಳು. ಒಬ್ಬಳು ಅತ್ತರೆ ಉಳಿದವರು ದನಿಗೂಡಿಸದೆ ಬಿಡುವಂತಿಲ್ಲ. ಎಲ್ಲರೂ ದನಿಗೂಡಿಸಿದರು. ಒಳಗೆ ವರದಿ ಬಡಿಯುತ್ತಿದ್ದ ಗುಮಾಸ್ತನ ಟೈಪಿನ ಸಪ್ಪಳ ನಿಂತಿತು.

"ಈಗೇನಂತಾರೆ?" ಸಾಹೇಬರು ಕೇಳಿದರು.

ಹಾಡಿನ ಪ್ರತಿ ಸಾಲಿನ ಕೊನೆಗೆ ನಾಮದೇವನ ಹೆಸರು ಬರುತ್ತಿತ್ತು. ಅದನ್ನು ತಿಳಿಸಿ ಹೇಳಲು ಯಾರೂ ಬೇಕಾಗಿರಲಿಲ್ಲ.