ಯಾರದೂ ಅಲ್ಲದ ದೊರೆಸಾನಿ

ಹೊಲಿಗೆಯವಳ ನಾಯಿಗೆ ದೊರೆಸಾನಿ ಎಂದು ಹೆಸರಿಟ್ಟವಳು ಅವಳ ಅಮ್ಮ. ತಟ್ಟೆಗೆ ಹಾಕಿದರೆ ಮಾತ್ರ ತಿನ್ನುವ, ನೆಲಕ್ಕೆ ಹಾಕಿದರೆ ಮುಖ ತಿರುಗಿಸುವ ನಾಯಿಯನ್ನು ಇನ್ನೇನೆಂದು ಕರೆಯಬೇಕು? ಆದರೆ ಆ ಗತ್ತೆಲ್ಲ ಊಟದ ವಿಷಯಕ್ಕೆ ಮಾತ್ರ. ಸಂಸಾರದ ವಿಷಯದಲ್ಲಿ ದೊರೆಸಾನಿಗೆ ಹಿಂದುಮುಂದಿನ ಯೋಚನೆ ಇರಲಿಲ್ಲ. ಎರಡು ವರ್ಷದಲ್ಲಿ ಮೂರು ಸಲ ಈದು ಹದಿನಾರು ಮರಿ ಹಾಕಿತ್ತು.

ಹದಿನಾರು ಮರಿಗಳಿಗೆ ಮನೆ ಹುಡುಕುವುದೇನು ಹುಡುಗಾಟವೇ? ಪ್ಯಾಂಟು ಗಿಡ್ಡ ಮಾಡಿಸಲು ಬಂದ ಗಿರಾಕಿಗಳು ಪ್ಯಾಂಟಿನ ಜೊತೆ ಒಂದು ಮರಿಯನ್ನೂ ಎತ್ತಿಕೊಂಡು ಹೋದರು. ಮೂರನೆಯ ಸಲಕ್ಕೆ ಗಿರಾಕಿಗಳೇ ಅವಳ ಕಣ್ಣು ತಪ್ಪಿಸಿ ಬೀದಿಯ ಆಚೆ ಬದಿಯಲ್ಲಿ ನಡೆಯತೊಡಗಿದರು. ಯಾರೂ ಒಯ್ಯದೆ ಉಳಿದ ಎರಡು ಮರಿಗಳು ಒಂದೇ ವಾರದಲ್ಲಿ ದೊಡ್ಡ ರಸ್ತೆಯಲ್ಲಿ ಸತ್ತವು. ಆ ವಾರ ಅವಳು ಹೊಲಿದದ್ದೆಲ್ಲ ಸೊಟ್ಟ.

ಮೇಲಿನ ಮಹಡಿಯಲ್ಲಿ ಬಾಡಿಗೆ ಮನೆಯ ಯಜಮಾನರಿದ್ದರು. ನಿವೃತ್ತ ಟಿಕೆಟ್ ಚೆಕ್ಕರ್. ಸ್ವಂತ ಭಾವಮೈದುನನಿಗೇ ದಂಡ ಹಾಕಿದ್ದನ್ನು ಎದೆಯುಬ್ಬಿಸಿ ಹೇಳುವ ಮನುಷ್ಯ. ಅವರು ಕೆಳಗಿಳಿದು ಬಂದರು.

"ನೋಡಮ್ಮ, ಮನೆ ನಾಯಿ ಅಂತ ಒಪ್ಕೊಂಡಿದ್ದೆ. ಇನ್ನೊಂದ್ಸಲ ಮರಿ ಹಾಕಿದ್ರೆ ನಾಯಿ ಆಚೆ. ಇಲ್ಲಾಂದ್ರೆ ನೀವೇ ಆಚೆ."

ಪ್ರಾಣಿಗಳ ಡಾಕ್ಟರು ಆಪರೇಷನ್ನಿಗೆ ಹೇಳಿದ ಮೊತ್ತ ಅವಳ ಎರಡು ತಿಂಗಳ ಬಾಡಿಗೆಗೆ ಸಮ. ಕಡಿಮೆ ಮಾಡಿ ಎಂದು ಗೋಗರೆದದ್ದಕ್ಕೆ ಅವರು ನಕ್ಕರು. "ಹೊಲಿಗೆ ಕೆಲಸ ನಿಮಗೆ ಹೇಳ್ಕೊಡ್ಬೇಕೇನಮ್ಮಾ? ಅಗ್ಗಕ್ಕೆ ಹಾಕಿದ್ರೆ ಬಿಚ್ಕೊಳತ್ತೆ." ಪ್ರಾಣಿ ದಯಾಸಂಘಕ್ಕೆ ಫೋನು ಮಾಡಿದರೆ ಐದು ತಿಂಗಳು ಕಾಯಿರಿ ಎಂದರು. ದೊರೆಸಾನಿ ಕಾಯುವ ಪೈಕಿಯಲ್ಲ. ನಗರಸಭೆಯಲ್ಲಿ ಪುಕ್ಕಟೆ, ಆದರೆ ಬೀದಿ ನಾಯಿಗಳಿಗೆ ಮಾತ್ರ. "ಸಾಕಿದೋರು ಇದ್ದಾರಾ? ಹಾಗಾದ್ರೆ ಆಗಲ್ಲ," ಎಂದ ಗುಮಾಸ್ತ ತಲೆ ಎತ್ತಲೂ ಇಲ್ಲ. ಸಾಕಿದವಳ ಕೈಯಲ್ಲಿ ಕಾಸಿದೆಯೇ ಎಂದು ಕೇಳುವ ಜಾಗ ಅವನ ಅರ್ಜಿಯಲ್ಲಿ ಇರಲಿಲ್ಲ.

ಅಮ್ಮ ಗುಂಡಿ ಹೊಲಿಯುತ್ತ ಕೂತಿದ್ದವಳು ದಾರ ಕಚ್ಚಿ ಹೇಳಿದಳು: "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಒಂದು ಸುಳ್ಳು ಹೇಳಿ ಬಸಿರು ತಪ್ಪಿಸೋಕೆ ನಿನಗೇನು ದಾಡಿ?"

ನಗರಸಭೆಯ ವ್ಯಾನು ಬಂದ ದಿನ ಅವಳು ದೊರೆಸಾನಿಯ ಕೊರಳಪಟ್ಟಿ ಬಿಚ್ಚಿ, ಮಷಿನ್ನಿನ ಡ್ರಾಯರಿನಲ್ಲಿಟ್ಟು, ನಾಯಿಯನ್ನು ಬೀದಿಗೆ ಬಿಟ್ಟಳು.

"ಯಾರದಮ್ಮ ಇದು?" ಬಲೆ ಹಿಡಿದವನು ಕೇಳಿದ.

"ಯಾರದೂ ಅಲ್ಲ. ಬೀದೀದು."

ಅವಳ ದನಿ ಕೇಳಿದ್ದೇ ತಡ, ದೊರೆಸಾನಿ ಓಡಿಬಂದು ಅವಳ ಕಾಲ ಹಿಂದೆ ಅವಿತಿತು. ಬಲೆಯವನು ಎಡಕ್ಕೆ ಬಂದರೆ ಬಲಗಾಲಿನ ಹಿಂದೆ, ಬಲಕ್ಕೆ ಬಂದರೆ ಎಡಗಾಲಿನ ಹಿಂದೆ.

"ನಿಮ್ದಲ್ಲ ಅಂತೀರಿ, ನಿಮ್ಮ ಕಾಲೇ ಬಿಡ್ತಿಲ್ವಲ್ಲ!"

"ಒಂದೊಂದ್ಸಲ ಊಟ ಹಾಕ್ತೀನಿ. ಅದಕ್ಕೇ."

ಅವನು ಮತ್ತೆ ಬಲೆ ಬೀಸಿದಾಗ ನಾಯಿ ನಿಂತಿದ್ದ ಕಾರಿನಡಿ ನುಗ್ಗಿತು. ಕೋಲಿಗೂ ಸಿಗಲಿಲ್ಲ, ಬಿಸ್ಕತ್ತಿಗೂ ಬರಲಿಲ್ಲ. ಅವನು ಬೆವರು ಒರೆಸಿಕೊಂಡ. "ನೀವೇ ಕರೀರಿ, ಇಲ್ಲಾಂದ್ರೆ ನಾನು ಹೊರಟೆ." ಅವಳು ರಸ್ತೆಯ ಮೇಲೆ ಮಂಡಿಯೂರಿ, "ಬಾ ಪುಟ್ಟಾ," ಎಂದಳು. ಬಂತು. ಬಲೆ ಬಿತ್ತು. ಬಲೆಯೊಳಗಿಂದಲೂ ಅದು ಬಾಲ ಆಡಿಸುತ್ತಲೇ ಇತ್ತು. ಅವನು ಚೀಟಿ ನೀಡಿದಾಗ ಅವಳು ಓದದೆ ಸಹಿ ಹಾಕಿದಳು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ನಾಲ್ಕನೆಯ ದಿನ ವ್ಯಾನು ಹಿಂದಿರುಗಿತು. ದೊರೆಸಾನಿ ಇಳಿಯಿತು, ಬಡವಾಗಿದ್ದರೂ ಹುಷಾರಾಗಿತ್ತು. ಎಡಗಿವಿಯ ತುದಿ ಕತ್ತರಿಸಿದ್ದರು. ಆಪರೇಷನ್ ಆದ ಬೀದಿ ನಾಯಿಗಳಿಗೆ ಅದೇ ಗುರುತು. ಅವಳಿಗೆ ಕುಣಿಯುವಷ್ಟು ಖುಷಿ. ಆದರೆ ಗೇಟಿನಲ್ಲಿ ಯಜಮಾನರು ನಿಂತಿದ್ದರು, ಬಲೆಯವನ ಕೈಯಿಂದ ಚೀಟಿ ಇಸಿದುಕೊಂಡು ಕನ್ನಡಕ ಏರಿಸುತ್ತಿದ್ದರು.

"ಬೀದಿ ನಾಯಿ. ವಾರಸುದಾರರು ಇಲ್ಲ. ಸಹಿ ನಿಮ್ದೇ ಅಲ್ವಾ?"

"ಸುಳ್ಳು ಹೇಳಿದ್ದೆ ಸಾರ್. ನಂದೇ ನಾಯಿ, ನಿಮಗೇ ಗೊತ್ತಲ್ಲ."

ಬಲೆಯವನು ಗಾಬರಿಯಾದ. "ಅಯ್ಯೋ, ಹಾಗನ್ಬೇಡೀಮ್ಮಾ! ನಿಮ್ದೇ ಅಂದ್ರೆ ಆಪರೇಷನ್ ಖರ್ಚು, ಮೇಲೊಂದು ದಂಡ, ಎರಡೂ ಕಟ್ಬೇಕಾಗತ್ತೆ. ನನ್ನ ಕೆಲಸಕ್ಕೂ ಸಂಚಕಾರ."

ಅತ್ತ ದರಿ, ಇತ್ತ ಪುಲಿ.

"ನನಗೆ ಗೊತ್ತಿದ್ರೆ ಏನು ಬಂತಮ್ಮ?" ಯಜಮಾನರು ಚೀಟಿ ಮಡಚಿ ಹಿಂದಿರುಗಿಸಿದರು. "ಆ ಕಿವಿ ನೋಡಿದೋರೆಲ್ಲ ಬೀದಿ ನಾಯಿ ಅಂತಾರೆ. ಬೀದಿ ನಾಯೀನ ಒಳಗೆ ಬಿಟ್ರೆ ಮಿಕ್ಕ ಮನೆಗಳ ಬಾಡಿಗೆಯೋರು ನನ್ನನ್ನ ಬಿಡ್ತಾರಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕಷ್ಟವಿದ್ದದ್ದೇ ಅಲ್ಲಿ. ಸಿಟ್ಟಿದ್ದರೆ ಕಾಲಿಗಾದರೂ ಬೀಳಬಹುದಿತ್ತು, ಕಾಗದಕ್ಕೆ ಕಾಲೆಲ್ಲಿ? ಅಮ್ಮ ಬಾಗಿಲಿಗೆ ಬಂದು ನಿಂತಿದ್ದಳು, ಅವಳ ಗಾದೆಗಳೆಲ್ಲ ಮುಗಿದಿದ್ದವು. ವ್ಯಾನು ಹೊರಟುಹೋಯಿತು.

"ಗೇಟಲ್ಲಿ ಬಿದ್ಕೊಳ್ಳೋಕೆ ಬಿಡ್ಬೇಡಿ, ರೂಢಿಯಾಗ್ಬಿಡತ್ತೆ. ಓಡಿಸಿ," ಎಂದರು ಯಜಮಾನರು.

"ಹೋಗು," ಎಂದಳು ಅವಳು. ದೊರೆಸಾನಿ ತಲೆ ಓರೆ ಮಾಡಿ ನೋಡಿತು.

"ಹೋಗೇ!" ಎಂದು ಕಿರುಚಿದಳು. ನಾಯಿ ಕೂತಿತು.

"ಹಾಗಲ್ಲ, ಕಲ್ಲು ತೋರ್ಸಿ."

ಬೀದಿಯಲ್ಲಿ ಬೆಳೆದ ನಾಯಿಗೆ ಕಲ್ಲು ಬೀಸಬೇಕಾಗಿಲ್ಲ, ಮನುಷ್ಯ ಬಗ್ಗಿದರೆ ಸಾಕು, ಬಾಲ ಮುದುರಿಕೊಂಡು ಓಡುತ್ತದೆ. ದೊರೆಸಾನಿಗೆ ಇದನ್ನು ಕಲಿಸಿದವರಿರಲಿಲ್ಲ. ಅವಳು ಕಲ್ಲಿಗೆಂದು ಬಗ್ಗಿದಳು. ತನ್ನನ್ನು ಮುದ್ದಿಸಲೆಂದೇ ಬಗ್ಗಿದ್ದಾಳೆಂದು ತಿಳಿದು ದೊರೆಸಾನಿ ಎದ್ದು, ಹೊಲಿಗೆ ಹಾಕಿದ ಹೊಟ್ಟೆಯ ನೋವಿಗೆ ಮೆಲ್ಲಮೆಲ್ಲಗೆ ಹೆಜ್ಜೆಯಿಡುತ್ತ ಬಂದು, ಕಲ್ಲು ಹಿಡಿದ ಅವಳ ಕೈಯನ್ನು ನೆಕ್ಕಿತು.