ದಪ್ಪ ಅಂಚಿನ ರೊಟ್ಟಿ

"ಎಡಮಗ್ಗಲಕ ಹೊಳ್ಳಸ್ರಿ. ಸಾವಕಾಶ," ಎಂದಳು ಹುಸೇನಬಿ ನಾನಿ.

ನಿಶಾತ ಅವ್ವನ ಸೊಂಟದ ಕೆಳಗೆ ಎರಡೂ ಕೈ ಕೊಟ್ಟು ಹೊರಳಿಸಿದಳು. ಹಿತ್ತಲಿನಲ್ಲಿ ಸೀರೆಗಳನ್ನು ಕಟ್ಟಿ ಮರೆ ಮಾಡಿದ್ದರು. ಬೋರೆಹಣ್ಣಿನ ಗಿಡದ ಎಲೆ ಹಾಕಿ ಕಾಯಿಸಿದ ನೀರಿನ ಹಬೆ ಸೀರೆಗಳಿಗೆ ತಾಗಿ ಒಳಗೇ ಸುತ್ತುತ್ತಿತ್ತು. ಯಾರಾದರೂ ಮೈ ಮುಟ್ಟಿದರೆ ಸಾಕು, "ಅಯ್ಯೋ, ಕೊಲ್ತೀರೇನ್ರೇ ನನ್ನ!" ಎಂದು ಕೂಗುತ್ತಿದ್ದ ರೆಹಮತ್‌ಬಿ ಇವತ್ತು ಮರದ ಹಲಗೆಯ ಮೇಲೆ ಸದ್ದಿಲ್ಲದೆ ಮಗ್ಗಲಾದಳು.

ಬೆನ್ನಿನ ಕೆಳಭಾಗದಲ್ಲಿ, ಟೊಂಕದ ಉದ್ದಗಲಕ್ಕೂ, ಕಂದು ಬಣ್ಣದ ಬಲೆ ಹಾಸಿದಂಥ ಕಲೆಯಿತ್ತು. ನಾನಿ ಅರಿವೆಯಿಂದ ಒರೆಸಿದಳು. ಹೋಗಲಿಲ್ಲ. ಸೋಪು ಹಚ್ಚಿ ತಿಕ್ಕಿದಳು. ಓಣಿಯಲ್ಲಿ ಯಾವ ಹೆಂಗಸು ತೀರಿಕೊಂಡರೂ ಮೈ ತೊಳೆಯಲು ಅವಳೇ ಬರಬೇಕು. ಮೈಮೇಲೆ ಒಂದು ಕಲೆ ಉಳಿಯಲೂ ಅವಳು ಬಿಡುವವಳಲ್ಲ.

"ಏನವ್ವಾ ಇದು, ಮಸಿ ಏನು? ಒಲಿ ಮುಂದ ಕೂಡಾಕಿ ಮೈಯಂದ್ರ ಹಿಂಗs."

"ಅದು ಹೋಗೂದಿಲ್ರಿ ನಾನಿ. ಹೊಲಸಲ್ಲ ಅದು. ಇಟ್ಟಂಗಿ ಕಾವು."

ನಾನಿಯ ಕೈ ನಿಂತಿತು.

ದಿನಾ ರಾತ್ರಿ ನಿಶಾತ ಒಲೆಯ ಕೆಂಡದಲ್ಲಿ ಇಟ್ಟಿಗೆ ಕಾಯಿಸಿ, ಹಳೆಯ ಸೀರೆಯಲ್ಲಿ ಸುತ್ತಿ ಅವ್ವನ ಸೊಂಟದ ಕೆಳಗೆ ಇಡುತ್ತಿದ್ದಳು. ಸುಟ್ಟೀತು ಎಂದು ಹೆದರಿ ತೆಗೆಯಲು ಹೋದರೆ ಅವ್ವ ಅವಳ ಕೈ ಸರಿಸುತ್ತಿದ್ದಳು. "ಸುಡ್ಲಿ ಬಿಡು. ಸುಟ್ಟಿದ್ದು ಗೊತ್ತಾಕ್ಕೈತಿ ಅಂದ್ರ ನೋವು ಕಡಿಮಿ ಆತು ಅಂತ." ಹಾಗೆ ಹೇಳಿ ನಗುತ್ತಿದ್ದಳು ಬೇರೆ.

ಸೀರೆಯ ಆಚೆಯಿಂದ ದಾವಲಬಿ ಚಿಕ್ಕವ್ವನ ದನಿ ಬಂತು. "ಲಗೂ ಮುಗಸ್ರಿ, ಗಂಡಸರು ಕಾಯಾಕತ್ತಾರ."

ನಿಶಾತ ಹಲ್ಲು ಕಚ್ಚಿದಳು. ಇದೇ ಚಿಕ್ಕವ್ವ ಹೋದ ಹಬ್ಬದಲ್ಲಿ ಎಲ್ಲರ ಮುಂದೆ ಆಡಿಕೊಂಡಿದ್ದಳು: "ನಮ್ಮಕ್ಕನ ಸೊಂಟ ಭಾಳ ಶ್ಯಾಣ್ಯಾ ಐತಿ. ಕೆಲಸ ಕಂಡ್ರ ನೋಯತೈತಿ, ಮದವಿಮನಿ ಕಂಡ್ರ ನೆಟ್ಟಗ ಆಕ್ಕೈತಿ." ಆಗ ಎಲ್ಲರೂ ನಕ್ಕಿದ್ದರು, ಅಪ್ಪನೂ. ಈಗ ಸೀರೆ ಸರಿಸಿ, ಬಾ, ನೋಡು ಬಾ ಎಂದು ಕೈ ಹಿಡಿದು ಎಳೆದು ತರಬೇಕು ಅನ್ನಿಸಿತು. ಆದರೆ ಮೈ ತೊಳೆಯುವಾಗ ಕಂಡದ್ದನ್ನು ಹೊರಗೆ ತೋರಿಸಬಾರದು, ಹೇಳಲೂಬಾರದು. ನಿಶಾತ ಕರ್ಪೂರ ಕದಡಿದ ನೀರಿನ ತಂಬಿಗೆ ಎತ್ತಿಕೊಂಡಳು. ನಾನಿ ಈಗ ತಿಕ್ಕುತ್ತಿರಲಿಲ್ಲ. ಆ ಕಲೆಯ ಮೇಲೆ ಅಂಗೈ ಇಟ್ಟುಕೊಂಡು ನೀರು ಹರಿಯಲು ಬಿಟ್ಟಳು.

*

ಕೇಶ್ವಾಪುರದಲ್ಲಿ ಅಂಬಾಬಾಯಿಯ ರೊಟ್ಟಿ ಕೇಂದ್ರವೆಂದರೆ ಮುಂದೆ ಚೊಕ್ಕಟ ಅಂಗಡಿ, ಹಿಂದೆ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಸಾಲಾಗಿ ಒಲೆಗಳು, ಒಂದೊಂದು ಒಲೆಗೆ ರೊಟ್ಟಿ ಬಡಿಯುವ ಒಂದೊಂದು ಮಣೆ, ಮಣೆಗೊಬ್ಬ ಹೆಂಗಸು. ಬೆಳಕು ಹರಿಯುವ ಮುಂಚೆ ಕೂತರೆ ಹೊತ್ತು ಇಳಿಯುವವರೆಗೆ ರೊಟ್ಟಿ ಬಡಿಯಬೇಕು. ಬಡಿದು, ಬೇಯಿಸಿ, ಒಣಗಿಸಿದ ಖಡಕ್ ರೊಟ್ಟಿ ಪ್ಯಾಕೆಟ್ಟಿನಲ್ಲಿ ಪುಣೆ, ಮುಂಬೈವರೆಗೂ ಹೋಗುತ್ತಿತ್ತು.

ರೆಹಮತ್‌ಬಿ ಉಪ್ಪಿನಬೆಟಗೇರಿಯಿಂದ ಮದುವೆಯಾಗಿ ಬಂದವಳು. ಗಂಡ ಗುಲಾಬಸಾಬ ಹತ್ತಿ ಹಿಂಜಿ ಗಾದಿ ಹೊಲಿಯುವ ನದಾಫ. ಮಂದಿ ಅಂಗಡಿಯ ಫೋಮಿನ ಗಾದಿ ಕೊಳ್ಳತೊಡಗಿದ ಮೇಲೆ ಮನೆ ನಡೆದದ್ದು ರೊಟ್ಟಿಯಿಂದಲೇ. ಅವಳ ರೊಟ್ಟಿ ಹಿಡಿದು ನೋಡಿದರೆ ಆಚೆಯ ಬೆಳಕು ಕಾಣುತ್ತಿತ್ತು. ಮೊದಮೊದಲು ಅಂಬಾಬಾಯಿ ಗಿರಾಕಿಗಳಿಗೆ ಅದನ್ನೇ ತೋರಿಸುತ್ತಿದ್ದಳು.

ಆಮೇಲೆ ಸೊಂಟ ಹಿಡಿಯಿತು. ರೊಟ್ಟಿ ಬಡಿಯುವಾಗ ಹಿಟ್ಟು ತಿರುಗುತ್ತ ಹೋದಂತೆ ಅಗಲವಾಗುತ್ತದೆ. ಕೊನೆಯ ಸುತ್ತಿಗೆ ಮುಂದಕ್ಕೆ ಬಾಗಿ ಅಂಚನ್ನು ಬಡಿಯಬೇಕು. ರೆಹಮತ್‌ಬಿಯ ಸೊಂಟ ಆ ಬಾಗುವಿಕೆಗೇ ಒಲ್ಲೆ ಎಂದಿತು. ಹಾಗಾಗಿ ರೊಟ್ಟಿಯ ಒಂದು ಕಡೆ ಮಾತ್ರ ಹೆಬ್ಬೆರಳಿನಷ್ಟು ಅಗಲಕ್ಕೆ ಅಂಚು ದಪ್ಪಗೆ ಉಳಿಯುತ್ತಿತ್ತು. ಅದು ಒಣಗುವುದಿಲ್ಲ. ಪ್ಯಾಕೆಟ್ಟಿನಲ್ಲಿ ಉಳಿದ ರೊಟ್ಟಿಯನ್ನೂ ಮೆತ್ತಗೆ ಮಾಡುತ್ತದೆ.

"ಏನ ಇದು ರೆಹಮತ್, ರೊಟ್ಟಿನೋ ಚಪ್ಪಲ್ಲೋ?" ಎಂದು ಅಂಬಾಬಾಯಿ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಸೊಂಟ ಬಾಗವಲ್ದರಿ ಬಾಯಾರ. ಮಣಿ ಸ್ವಲ್ಪ ಎತ್ತರ ಮಾಡಿಸಿ ಕೊಟ್ರ..."

"ಸೊಂಟ ಎಲ್ಲಾರಿಗೂ ಅದವಾ. ನಿನಗೊಬ್ಬಾಕಿಗೆ ಮ್ಯಾಜು ಕುರ್ಚಿ ಹಾಕಿಸಿದ್ರ ನಾಳೆ ಎಲ್ಲಾರೂ ಕೇಳ್ತಾರ."

ಅಂಥ ರೊಟ್ಟಿಗಳನ್ನು ಮೂಲೆಯ ಒಂದು ಬುಟ್ಟಿಗೆ ಎಸೆಯುತ್ತಿದ್ದರು. ದಿನದ ಲೆಕ್ಕಕ್ಕೆ ಅವು ಬರುತ್ತಿರಲಿಲ್ಲ. ಪಕ್ಕದ ಒಲೆಯ ನೀಲವ್ವ ಯಾರೂ ನೋಡದಾಗ ತನ್ನ ನಾಲ್ಕು ರೊಟ್ಟಿ ರೆಹಮತ್‌ಬಿಯ ಲೆಕ್ಕದ ರಾಶಿಗೆ ಸೇರಿಸುತ್ತಿದ್ದಳು. ಅವಳಿಗೂ ಮೈ ಸರಿಯಿರಲಿಲ್ಲ. ಹೊಗೆ ಕುಡಿದು ಕುಡಿದು ಎದೆ ಗೊರಗೊರ ಅನ್ನುತ್ತಿತ್ತು. ಆದರೆ ಕೆಮ್ಮಿದರೆ ಅಂಚು ದಪ್ಪಗಾಗುವುದಿಲ್ಲವಲ್ಲ, ಹಾಗಾಗಿ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಹಬ್ಬದ ಹೊತ್ತಿನಲ್ಲಿ ನಿಶಾತಳೂ ಹೋಗುತ್ತಿದ್ದಳು. ಒಂಬತ್ತನೆಯ ಇಯತ್ತೆಗೆ ಸಾಲೆ ಬಿಟ್ಟವಳು, ಮನೆಯಲ್ಲಿ ಕೂತು ಸೀರೆಗೆ ಫಾಲ್ ಹಚ್ಚುತ್ತಿದ್ದಳು. ನಾಲ್ಕು ಮಂದಿಯ ಮುಂದೆ ಅವಳು ಬಾಯಿ ತೆರೆಯುತ್ತಿರಲಿಲ್ಲ. ಆದರೆ ಕಣ್ಣು ಯಾವಾಗಲೂ ತೆರೆದೇ ಇರುತ್ತಿತ್ತು. ನಾಲ್ಕು ಗಂಟೆಯ ಚಹಾದ ಜೊತೆ ಅಂಬಾಬಾಯಿ ಗಲ್ಲಾದಿಂದ ಗುಳಿಗೆಯ ಪಟ್ಟಿ ತೆಗೆದು, ಕತ್ತರಿಯಿಂದ ಕತ್ತರಿಸಿ, ಕೇಳಿದವರಿಗೆಲ್ಲ ಹಂಚುವುದನ್ನು ಅವಳು ನೋಡಿದ್ದಳು.

"ತಗೋ, ನುಂಗು. ತಾಸಿನ್ಯಾಗ ಕುಣಿತೀದಿ."

ಅವ್ವ ನುಂಗುತ್ತಿದ್ದಳು. ತಾಸಿನಲ್ಲಿ ಅವಳ ಸೊಂಟ ಬಾಗುತ್ತಿತ್ತು. ರೊಟ್ಟಿ ಮತ್ತೆ ತೆಳ್ಳಗಾಗುತ್ತಿತ್ತು.

*

ಅವ್ವನನ್ನು ಹೊತ್ತು ಗಂಡಸರ ಜನಾಜ ಹೊರಟುಹೋದ ಮೇಲೆ ಮನೆಯಲ್ಲಿ ಹೆಂಗಸರಷ್ಟೇ ಉಳಿದರು. ಅಗರಬತ್ತಿಯ ಹೊಗೆಯಲ್ಲಿ ನೀಲವ್ವ ಕೆಮ್ಮುತ್ತ ಬಂದು ನಿಶಾತಳ ಮಗ್ಗುಲಲ್ಲೇ ಕೂತಳು. ಕೈ ಹಿಡಿದುಕೊಂಡಳು, ಬಿಡಲಿಲ್ಲ.

"ಭಾಳ ಗಟ್ಟಿ ಜೀವ ಆಕೀದು," ಎಂದಳು ಚಿಕ್ಕವ್ವ ಕಣ್ಣೊರೆಸಿಕೊಂಡು. "ಬೀಳೂ ದಿನದ ತನಕಾ ದುಡದ್ಲು. ಒಂದ ದಿನ ಇಲ್ಲ ಅನ್ಲಿಲ್ಲ."

"ಅನ್ನಾಕ ಬಿಟ್ಟಿದ್ರ ಅಂತಿದ್ಲು," ಎಂದಳು ನೀಲವ್ವ.

"ಹಂಗಂದ್ರ?"

"ಏನಿಲ್ರೆವಾ."

ಹುಸೇನಬಿ ನಾನಿ ಗೋಡೆಗೆ ಒರಗಿ ಕೂತಿದ್ದಳು. ಎಲ್ಲಿಯೋ ನೋಡುತ್ತ ಹೇಳಿದಳು, "ತೊಳಿಯೂ ಮುಂದ ನೋಡಿದ್ದು ಹೇಳಬಾರದು. ನಾ ಹೇಳೂದಿಲ್ಲ. ಆದ್ರ ಆಕೀದು ಸೋಗು ಅಂದವ್ರ ಬಾಯಾಗ ಹುಳಾ ಬೀಳ್ತಾವು."

ಚಿಕ್ಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುವುದಕ್ಕೋ ಮತ್ತೇಕೋ ಗೊತ್ತಾಗಲಿಲ್ಲ.

ಆಗಲೇ ಬಾಗಿಲಲ್ಲಿ ಆಟೋ ನಿಂತದ್ದು. ಅಂಬಾಬಾಯಿ ಇಳಿದಳು. ಆಟೋದವನು ಅವಳ ಹಿಂದೆ ದೊಡ್ಡ ರೊಟ್ಟಿ ಬುಟ್ಟಿ, ಒಂದು ಡಬರಿ ಝುಣಕ ಇಳಿಸಿ ಹೋದ. ಮಂದಿ ಸರಿದು ಕುರ್ಚಿ ಹುಡುಕಿದರು. "ಬ್ಯಾಡ ಬ್ಯಾಡ, ಇಂಥಾ ದಿನ ನಾ ಮ್ಯಾಲೆ ಕೂಡೂದಿಲ್ಲ," ಎಂದು ಅವಳು ಜಮಖಾನೆಯ ಮೇಲೆ ಎಲ್ಲರ ನಡುವೆ ಭಾರವಾಗಿ ಕೂತಳು.

"ಈ ಮನ್ಯಾಗ ಮೂರು ದಿನ ಒಲಿ ಹಚ್ಚೂದಿಲ್ಲ ಅಂತ ನನಗ ಗೊತ್ತದ. ಅದಕ್ಕs ತಂದೆ. ತಿನ್ರಿ, ಮುಂಜಾನಿಂದ ಬಾಯಾಗ ನೀರು ಹಾಕಿಲ್ಲ ನೀವು."

"ದೊಡ್ಡ ಮನಸು ಬಾಯಾರ ನಿಮ್ಮದು," ಎಂದಳು ಚಿಕ್ಕವ್ವ.

ತಾಟುಗಳು ಬಂದವು. ರೊಟ್ಟಿ ಮುರಿಯುವ ಸದ್ದು ಮನೆಯ ತುಂಬ. ನಿಶಾತಳ ತಾಟಿಗೂ ಯಾರೋ ಒಂದು ಹಾಕಿದರು. ಅವಳು ಮುರಿದಳು. ಮೂರು ಕಡೆ ಪಟಪಟನೆ ಮುರಿಯಿತು. ನಾಲ್ಕನೆಯ ಕಡೆ ಮುರಿಯಲಿಲ್ಲ. ಬಾಗಿತು.

ಅವಳು ನೀಲವ್ವನ ಮುಖ ನೋಡಿದಳು. ನೀಲವ್ವ ತಾಟು ಮುಟ್ಟಿರಲಿಲ್ಲ. ತುಟಿ ಅಲ್ಲಾಡಿಸದೆ ಹೇಳಿದಳು, "ಮೂಲ್ಯಾಗಿನ ಬುಟ್ಟಿ, ಮಗಳs. ಹಂಗs ಎತಗೊಂಡು ಬಂದಾಳ."

*

ಹೋದ ವಾರ ಅವ್ವ ಮಣೆಯ ಮುಂದಿನಿಂದ ಏಳಲೇ ಇಲ್ಲ. ಮುಖ, ಪಾದ ಬಾತುಕೊಂಡಿದ್ದವು. ಚಿಗರಿ ಬಸ್ಸಿನಲ್ಲಿ ದವಾಖಾನೆಗೆ ಕರೆದೊಯ್ಯುವಾಗ ಸೀಟು ಖಾಲಿ ಇದ್ದರೂ ಕೂಡಲಿಲ್ಲ. "ಕುಂತ್ರ ಎಬ್ಬಸಾಕ ಕ್ರೇನ್ ತರಸ್ಬೇಕಾಕ್ಕೈತಿ," ಎಂದು ಕಂಬ ಹಿಡಿದು ನಿಂತು ನಕ್ಕಳು. ಕಂಡಕ್ಟರನೂ ನಕ್ಕ.

ಡಾಕ್ಟರಮ್ಮ ರಕ್ತದ ರಿಪೋರ್ಟು ನೋಡಿ ಕೇಳಿದಳು, "ನೋವಿನ ಗುಳಿಗಿ ಎಷ್ಟ ವರ್ಷದಿಂದ ನುಂಗಾಕತ್ತೀರಿ?"

"ಯಾರಿಗೆ ನೆನಪೈತ್ರಿ. ಚಾ ಜೋಡಿ ಕೊಡ್ತಾರ್ರಿ ನಮ್ಮ ಮಾಲಕರು. ಪುಕ್ಕಟ."

ಎರಡೂ ಕಿಡ್ನಿ ಹೋಗಿವೆ ಎಂದು ಡಾಕ್ಟರಮ್ಮ ಹೊರಗೆ ಕರೆದು ಹೇಳಿದಳು. ನಿಶಾತ ಒಳಗೆ ಬಂದಾಗ ಅವ್ವ ಮಂಚದ ಮೇಲೆ ಅಂಗಾತ ಮಲಗಿ, ಮೇಲಿನ ಫ್ಯಾನು ನೋಡುತ್ತಿದ್ದಳು.

"ಏನಂದ್ರು?"

"ವಿಶ್ರಾಂತಿ ತಗೋರಿ ಅಂದ್ರು."

"ಭಾಳ ಶ್ಯಾಣ್ಯಾ ಡಾಕ್ಟರ ಅದಾಳ," ಎಂದು ಅವ್ವ ಕಣ್ಣು ಮುಚ್ಚಿದಳು. "ಎಲ್ಲಿ ಸಿಗತೈತಿ ಅಂತ ಕೇಳಬೇಕಿತ್ತು."

*

"ಈಗ ಮದವಿ ಸೀಜನ್ ಅದ," ಅಂಬಾಬಾಯಿ ಚಿಕ್ಕವ್ವನಿಗೆ ಹೇಳುತ್ತಿದ್ದಳು. "ಆಕಿ ಮಣಿ ಬ್ಯಾರೆಯವರಿಗೆ ಕೊಡೂದು ನನ್ನ ಮನಸಿಗೆ ಬರವಲ್ದು. ಮೂರು ದಿನದ ಕಾರ್ಯ ಮುಗೀಲಿ, ನಿಶಾತ ಬಂದು ಕೂಡ್ಲಿ. ಮುಂಜಾನೆ ಸುದ್ದಿ ತಿಳಿದ ಕೂಡ್ಲೇ ಗುಲಾಬಸಾಬಗ ಫೋನ್ ಮಾಡಿದ್ದೆ. ಹೂಂ ಅಂದಾನ."

ಮುಂಜಾನೆ. ಅವ್ವನ ಮೈ ಇನ್ನೂ ಬೆಚ್ಚಗಿದ್ದಾಗ ಅಪ್ಪ ಹಿತ್ತಲಿಗೆ ಹೋಗಿ ಫೋನಿನಲ್ಲಿ ಹೂಂ, ಹೂಂ ಎಂದದ್ದು ಇದಕ್ಕೇ.

"ಛಲೋನs ಆತಲ್ರಿ," ಚಿಕ್ಕವ್ವ ಎಂದಳು. "ಮನ್ಯಾಗ ಕುಂತ ಏನ ಮಾಡ್ತಾಳ. ಏನs ನಿಶಾತ, ಬಾಯಾರ ಕೇಳಾಕತ್ತಾರ."

ಎಲ್ಲರೂ ತಿರುಗಿದರು. ನಿಶಾತ ತಾಟಿನಲ್ಲಿದ್ದ ಅಂಚಿನ ತುಂಡನ್ನು ಎತ್ತಿಕೊಂಡಳು. ಅದರ ಮೇಲೆ ಬೆರಳಿನ ಗುರುತು ಇತ್ತು. ಅಲ್ಲಿಗೆ ಬಂದು, ಇನ್ನು ಆಗದು ಎಂದು ನಿಂತ ಬೆರಳು.

"ಇವು ನಮ್ಮವ್ವನ ರೊಟ್ಟಿ," ಎಂದಳು.

ಮುರಿಯುವ ಸದ್ದು ನಿಂತಿತು. ಅಂಬಾಬಾಯಿ ಕಣ್ಣಿಗೆ ಸೆರಗು ಒತ್ತಿದಳು. "ಹೌದಲ್ಲ! ನೋಡ್ರಿ, ಆಕಿ ಕೈ ರೊಟ್ಟಿ ಆಕೀ ಮನೀಗೇ ಬಂತು. ಋಣಾ ಅಂದ್ರ ಇದು."

"ಋಣಾ ಅಲ್ರಿ. ನೀವು ಮಾರಾಕ ಬರೂದಿಲ್ಲ ಅಂತ ಮೂಲ್ಯಾಗ ಒಗದದ್ದು. ಲೆಕ್ಕಕ್ಕ ಹಿಡೀಲಾರದ್ದು. ಅಂಗಡ್ಯಾಗ ಇಡಾಕ ನಿಮಗ ನಾಚಿಕಿ ಬಂತು. ಇಲ್ಲಿ ತರಾಕ ಬರ್ಲಿಲ್ಲ."

"ನಿಶಾತ!" ಚಿಕ್ಕವ್ವ ಗದರಿದಳು.

"ಮಣಿ ಎತ್ತರ ಮಾಡಿಸಿ ಕೊಡ್ರಿ ಅಂದ್ರ ಗುಳಿಗಿ ಕೊಟ್ರಿ. ನಾ ಬರೂದಿಲ್ಲ."

"ಸಂಕಟದಾಗ ಇದ್ದೀ, ನಾ ಮನಸಿಗೆ ಹಚ್ಚಿಕೊಳ್ಳೂದಿಲ್ಲ," ಅಂಬಾಬಾಯಿಯ ದನಿ ಸಣ್ಣಗಾಯಿತು. "ನಿಮ್ಮಪ್ಪ ಹೂಂ ಅಂದಾನ."

"ಹೂಂ ಅಂದವ್ರ ಬಂದು ಕೂಡ್ಲಿ."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಸಾವಿನ ಮನೆಯಲ್ಲಿ ನಗಬಾರದೆಂದು ಕೂಡಲೇ ನುಂಗಿಕೊಂಡರು. ಹುಸೇನಬಿ ನಾನಿ ತನ್ನ ತಾಟನ್ನು ಮುಂದಕ್ಕೆ ತಳ್ಳಿದಳು. ಅವಳ ಪಕ್ಕದವಳೂ ತಳ್ಳಿದಳು.

ಅಂಬಾಬಾಯಿ ಪರ್ಸು ಕಂಕುಳಲ್ಲಿ ಇಟ್ಟುಕೊಂಡಳು. "ಬರ್ತೇನಿ ನಾ," ಎಂದು ಒಂದು ಕೈ ನೆಲಕ್ಕೂರಿ, ಒಂದು ಮೊಣಕಾಲು ಮುಂದಕ್ಕೆ ತಂದು ಎದ್ದಳು. ಅರ್ಧಕ್ಕೆ ಬಂದವಳು "ಹಾ" ಎಂದು ಅಲ್ಲೇ ನಿಂತುಬಿಟ್ಟಳು. ಗಲ್ಲಾದ ಕುರ್ಚಿ ಬಿಟ್ಟು ನೆಲಕ್ಕೆ ಕೂತು ಎಷ್ಟು ವರ್ಷವಾಗಿತ್ತೋ, ಸೊಂಟ ಹಿಡಿದಿತ್ತು. ಮೇಲೆ ಏಳಲಾರಳು, ಕೆಳಗೆ ಕೂಡಲಾರಳು. ಹಣೆಯ ಮೇಲೆ ಬೆವರು ಮೂಡಿತು.

"ನೀಲವ್ವಾ, ಸ್ವಲ್ಪ ಕೈ ಕೊಡs."

ನೀಲವ್ವ ಸೊಂಟದ ಎಲೆಅಡಿಕೆಯ ಸಂಚಿ ತೆಗೆದು ಬಿಚ್ಚಿದಳು. ಒಂದು ಎಲೆ ಆರಿಸಿ, ಸೀರೆಗೆ ಒರೆಸಿ, ಸುಣ್ಣ ಹಚ್ಚತೊಡಗಿದಳು. ಎಲೆಯ ತುದಿಯವರೆಗೂ, ಸಾವಕಾಶವಾಗಿ.

ಚಿಕ್ಕವ್ವ ಅರ್ಧ ಎದ್ದಳು. ನಿಶಾತಳ ಮುಖ ನೋಡಿ ಮತ್ತೆ ಕೂತಳು.

ಬಳೆ ತುಂಬಿದ ಆ ಕೈ ಹೆಂಗಸರ ನಡುವೆ ಚಾಚಿಕೊಂಡೇ ಇತ್ತು. ಒಬ್ಬೊಬ್ಬರ ಕಡೆಗೂ ತಿರುಗಿತು. ಯಾರೂ ಅಲ್ಲಾಡಲಿಲ್ಲ. ನಿಶಾತಳ ಹತ್ತಿರ ಬಂದಾಗ, ಅವ್ವನನ್ನು ಎಬ್ಬಿಸಿ ಎಬ್ಬಿಸಿ ರೂಢಿಯಾದ ಅವಳ ಕೈ ತಾನೇ ಮುಂದಾಯಿತು. ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡು, ತನ್ನ ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು ಕೂತಳು.