ಬಸಿಲಿಸ್ಕು ಗಿಡದ ಬುಡ

ಊರಾಚೆಯ ನೀರಿನ ತೊಟ್ಟಿ ದಾಟಿದ ಮೇಲೆ ಎಪಿಫಾನಿಯೊ ಬೆಟ್ಟದ ಕಡೆ ಹೋಗದೆ ಬಾದಾಮಿ ತೋಟಗಳತ್ತ ತಿರುಗಿದ. ಸೊಸೆ ರೊಸಾಲ್ಬಾ ಹಿಂದೆ ನಡೆದಳು. ರೊಟ್ಟಿ ಅಂಗಡಿಯ ಲಿಬೊರಿಯೊನನ್ನು ಮದುವೆಯಾಗುತ್ತೇನೆಂದು ಹಿಂದಿನ ಸಂಜೆ ಊಟಕ್ಕೆ ಕೂತಾಗ ಹೇಳಿಬಿಟ್ಟಿದ್ದಳು. ಮುದುಕ ಸೂಪು ಮುಗಿಸಿ, ಬೆಳಿಗ್ಗೆ ಗಟ್ಟಿ ಬೂಟು ಹಾಕಿಕೋ ಎಂದಷ್ಟೇ ಹೇಳಿ ಮಲಗಲು ಹೋಗಿದ್ದ. ಗಂಡ ಮೌರೊ ತೀರಿಕೊಂಡ ಮೇಲೂ ಅವಳು ಬಿಟ್ಟುಹೋಗದ ಮನೆ ಅದು. ಇನ್ನು ಅಲ್ಲಿಗೆ ಬಾಗಿಲು ತಟ್ಟಿ ಬರಬೇಕಾಗುತ್ತದೇನೋ ಎಂದು ಅವಳಿಗೆ ರಾತ್ರಿಯಿಡೀ ಸಂಕಟವಾಗಿತ್ತು.

"ಮುಖ ತೊಳೆಯೋಕೆ ಮುಂಚೆನೇ ಕಿಟಕೀಲಿ ಕೂರೋ ಜನ ನಮ್ಮೂರೋರು. ಬಾದಾಮಿ ನೋಡೋಕೆ ಹೋದ್ರು ಅಂದ್ಕೊಳ್ಳಲಿ," ಎಂದು ಮುದುಕ ತೋಟದ ಹಿಂದಿನಿಂದ ಸುತ್ತು ಹಾಕಿ ಬೆಟ್ಟ ಹತ್ತಿದ.

ಒಣಗಿದ ಬಸಿಲಿಸ್ಕು ಗಿಡದ ಬುಡದಲ್ಲಷ್ಟೇ ಏಳುವ ಅಣಬೆಯ ಜಾಗವನ್ನು ಈ ಬೆಟ್ಟದವರು ಪಾದ್ರಿಗೂ ಹೇಳುವುದಿಲ್ಲ. ಅಪ್ಪ ಮಕ್ಕಳಿಗೆ ತೋರಿಸಬೇಕು, ಅಷ್ಟೇ. ಎಪಿಫಾನಿಯೊನ ಹೆಂಡತಿ ಬದುಕಿರುವಷ್ಟು ಕಾಲ ಆ ಅಣಬೆಯನ್ನು ಕೆಂಡದ ಮೇಲೆ ಸುಟ್ಟಳು, ಹಸಿಯಾಗಿ ತೆಳ್ಳಗೆ ಹೆಚ್ಚಿ ನಿಂಬೆರಸ ಹಿಂಡಿ ಬಡಿಸಿದಳು, ಮಿಕ್ಕಿದ್ದನ್ನು ಚಳಿಗಾಲಕ್ಕೆಂದು ಎಣ್ಣೆಯಲ್ಲಿ ಹಾಕಿಟ್ಟಳು. ಅದು ಎಲ್ಲಿಂದ ಬಂತೆಂದು ತಿಳಿಯದೆಯೇ ಕಣ್ಣು ಮುಚ್ಚಿದಳು. ಮೌರೊಗೆ ಗೊತ್ತಿತ್ತು. ಅವನೂ ಹೋದ.

ಸುಣ್ಣಕಲ್ಲಿನ ಇಳಿಜಾರಿನ ತಗ್ಗುಗಳಲ್ಲಿ ಇನ್ನೂ ಸ್ವಲ್ಪ ಹಿಮ ಉಳಿದಿತ್ತು. ಏದುಸಿರು ಬಿಡುತ್ತ ಎಪಿಫಾನಿಯೊ ಒಂದು ಒಣಗಿದ ಬಸಿಲಿಸ್ಕು ಗಿಡದ ಹತ್ತಿರ ನಿಂತು, ಬುಡಕ್ಕೆ ಒರಗಿಸಿದ್ದ ಚಪ್ಪಡಿಯನ್ನು ಕಾಲಿನಿಂದ ಸರಿಸಿದ. ಕೆಳಗೆ ಮಣ್ಣನ್ನು ಸೀಳಿಕೊಂಡು ಕೆನೆಬಣ್ಣದ ದಪ್ಪ ಅಣಬೆಗಳು ಎದ್ದಿದ್ದವು. ಅವನು ಚಾಕುವನ್ನು ಅವಳತ್ತ ಚಾಚಿದ.

ರೊಸಾಲ್ಬಾ ಕೈ ನೀಡಲಿಲ್ಲ. "ಮಾವ, ನಾನು ಇನ್ನು ನಿಮ್ಮ ಮನೆಯವಳಲ್ಲ. ನಂಗ್ಯಾಕೆ ಇದನ್ನ ತೋರಿಸ್ತೀರ?"

ಮುದುಕ ಚಾಕುವಿನ ಅಲಗನ್ನು ಪ್ಯಾಂಟಿಗೆ ಒರೆಸಿದ. "ಆ ಲಿಬೊರಿಯೊಗೆ ಮಂಡಿ ಗಟ್ಟಿಯಾಗಿದ್ಯಾ?"

ಗಟ್ಟಿಯಾಗಿದೆ ಎಂದಳು, ಯಾಕೆ ಕೇಳಿದನೆಂದು ತಿಳಿಯದೆ.

"ಇದ್ರೂ ಇಲ್ಲಿಗೆ ಕರ್ಕೊಂಡು ಬರ್ಬೇಡ. ಕೆಂಡದ ಮೇಲೆ ಸುಟ್ಟು ಬಡಿಸು, ಹೊಟ್ಟೆ ಬಿರಿಯೋ ಹಾಗೆ ತಿನ್ಲಿ. ಎಲ್ಲಿ ಸಿಕ್ತು ಅಂತ ಕೇಳಿದ್ರೆ, ನಮ್ಮಪ್ಪನ್ನ ಕೇಳು ಅನ್ನು."

ಅವಳನ್ನು ಹುಟ್ಟಿಸಿದವನು ಅವಳು ತೊಟ್ಟಿಲಲ್ಲಿದ್ದಾಗಲೇ ಸತ್ತಿದ್ದ. ಅದು ಎಪಿಫಾನಿಯೊಗೆ ಗೊತ್ತು. ರೊಸಾಲ್ಬಾ ಚಾಕು ತೆಗೆದುಕೊಂಡಳು. ಚಿಕ್ಕವನ್ನು ಬಿಡಬೇಕು, ಬೇರಿಗೆ ತಾಕಿಸಬಾರದು, ಕೊಯ್ದ ಜಾಗಕ್ಕೆ ಮಣ್ಣು ಮುಚ್ಚಬೇಕು ಎಂದು ಅವನು ಗೊಣಗುತ್ತಲೇ ಇದ್ದ.

ಅವಳು ಬಗ್ಗಲು ಹೋದಾಗ ಅವನು ಬೇಡವೆಂದು ತಡೆದ. ತಲೆಯ ಮೇಲಿನ ಟೋಪಿ ತೆಗೆದು, ಚೂಪು ಕಲ್ಲುಗಳ ಮೇಲೆ, ಅವಳ ಮಂಡಿ ಊರುವ ಕಡೆ ಹಾಸಿದ.